ಮೂರು ಹೊತ್ತು ಕರೆದು ನೋಡಿದ ರೂಟರ್

ನಮ್ಮೂರ ಹಾಲಿನ ಡೇರಿಗೆ ನಾನು ಕಾರ್ಯದರ್ಶಿ. ಹಾಲು ಅಳೆಯುವುದು, ಫ್ಯಾಟು ನೋಡುವುದು, ಚೀಟಿ ಕೊಡುವುದು, ಬೈಸಿಕೊಳ್ಳುವುದು ನನ್ನ ಕೆಲಸ. ಫ್ಯಾಟು ಕಡಿಮೆ ಬಂದರೆ ಹಸುವನ್ನಾಗಲಿ, ಹಾಲಿಗೆ ಬೆರೆಸಿದ ನೀರನ್ನಾಗಲಿ ಯಾರೂ ಬೈಯುವುದಿಲ್ಲ, ನನ್ನನ್ನು ಬೈಯುತ್ತಾರೆ. ಇಂಥ ಊರಿನಲ್ಲಿ ನಾನು ಇಂಟರ್‌ನೆಟ್ಟಿಗೆ ಒಂದು ಬ್ಯಾಕಪ್ ರೂಟರ್ ಆರಿಸಲು ಹೊರಟಿದ್ದೆ. ಆ ಕಥೆಯನ್ನು ಬೇರೆ ಊರುಗಳ ಕಾರ್ಯದರ್ಶಿಗಳು ಈಗಲೂ ಫೋನು ಮಾಡಿ ಕೇಳುತ್ತಾರೆ. ಅವರಿಗೆ ಅರ್ಧ ಹೇಳಿ ಬಿಟ್ಟಿದ್ದೇನೆ. ಪೂರ್ತಿ ಇಲ್ಲಿ ಬರೆಯುತ್ತಿದ್ದೇನೆ.

ಬಂಗಾರಪೇಟೆಯಿಂದ ಕುಪ್ಪಂ ಕಡೆಗೆ ಹೋಗುವ ರೈಲು ಹಳಿಯ ಪಕ್ಕದಲ್ಲಿದೆ ನಮ್ಮೂರು. ಕೆರೆ ಏರಿಯ ಮೇಲೆ ನಿಂತರೆ ಫೋನು ಕರ್ನಾಟಕದಲ್ಲಿರುತ್ತದೆ, ಏರಿ ಇಳಿದು ಹುಣಸೆ ತೋಪಿಗೆ ಹೋದರೆ ಆಂಧ್ರಕ್ಕೆ ಸ್ವಾಗತ ಎಂದು ಸಂದೇಶ ಬರುತ್ತದೆ. ಮೇಕೆ ಕಾಯುವವರು ದಿನಕ್ಕೆ ಹತ್ತು ಸಲ ರಾಜ್ಯ ಬಿಟ್ಟು ಹತ್ತು ಸಲ ವಾಪಸ್ ಬರುತ್ತಾರೆ. ಡೇರಿ ಕಟ್ಟಡ ಮಾತ್ರ ಊರಿನ ತಗ್ಗಿನಲ್ಲಿದೆ. ಅಲ್ಲಿ ಯಾವ ರಾಜ್ಯವೂ ಸರಿಯಾಗಿ ಸಿಗುವುದಿಲ್ಲ.

ಕಟ್ಟಡದ ಒಂದು ಕಡೆ ಮೇಲಿನ ಬೀದಿ, ಇನ್ನೊಂದು ಕಡೆ ಕಾಲೋನಿ. ಹಿರಿಯರು ಯೋಚನೆ ಮಾಡಿಯೇ ನಡುವೆ ಕಟ್ಟಿದರು ಎಂದು ಹೇಳಲಾರೆ. ಬೇರೆ ಯಾವ ಕೆಲಸಕ್ಕೂ ಬಾರದ ಜಾಗ, ಡೇರಿಗೆ ಬಿಟ್ಟುಕೊಟ್ಟರು. ಆದರೆ ಅದರಿಂದಾಗಿ ಊರಿನವರೆಲ್ಲ ಒಂದೇ ಸಾಲಿನಲ್ಲಿ ನಿಲ್ಲುವ ಜಾಗವೆಂದರೆ ಅದೊಂದೇ ಆಯಿತು. ಮೊದಲು ಬಂದವರು ಮೊದಲು. ಎಲ್ಲರ ಹಾಲೂ ಒಂದೇ ಕ್ಯಾನಿಗೆ ಬೀಳುತ್ತದೆ. ಬಿದ್ದ ಮೇಲೆ ಯಾರದು ಯಾವುದು ಎಂದು ಯಾರೂ ಕೇಳುವುದಿಲ್ಲ.

ಇಂಟರ್‌ನೆಟ್ ಬರುವುದು ಕರೆಂಟು ಕಂಬಗಳಿಗೆ ಜೋತುಬಿದ್ದ ಒಂದು ಕೇಬಲ್ಲಿನಿಂದ. ಹುಲ್ಲಿನ ಲೋಡು ಹೊತ್ತ ಟ್ರ್ಯಾಕ್ಟರು ಬಂದರೆ ಅದು ಹರಿಯುತ್ತದೆ. ಟ್ರ್ಯಾಕ್ಟರು ಬರದ ದಿನ ಕೋತಿಗಳು ಆ ಕೊರತೆ ತುಂಬುತ್ತವೆ. ಕುಡಿಯುವ ನೀರಿನ ಪೈಪು ಹಾಕಲು ಜೆಸಿಬಿ ಬಂದಾಗ ಕಂಬವೇ ಮಲಗಿತು, ನೀರೂ ಬರಲಿಲ್ಲ ನೆಟ್ಟೂ ಬರಲಿಲ್ಲ. ಮೊದಲೆಲ್ಲ ಇದರಿಂದ ತೊಂದರೆ ಇರಲಿಲ್ಲ. ಹಾಲು ಅಳೆದ ಲೆಕ್ಕವನ್ನು ಸಂಜೆಯೋ ಮಾರನೆಯ ದಿನವೋ ಒಕ್ಕೂಟಕ್ಕೆ ಕಳಿಸಿದರೆ ನಡೆಯುತ್ತಿತ್ತು. ಆಮೇಲೆ ಹೊಸ ನಿಯಮ ಬಂತು. ಹಾಲು ಯಂತ್ರಕ್ಕೆ ಬಿದ್ದ ಗಳಿಗೆಯಲ್ಲೇ ಅದರ ಅಳತೆ, ಫ್ಯಾಟು ಎಲ್ಲ ಒಕ್ಕೂಟದ ಕಂಪ್ಯೂಟರಿಗೆ ಹೋಗಬೇಕು. ತಡವಾಗಿ ಹೋದ ಲೆಕ್ಕ ಲೆಕ್ಕವೇ ಅಲ್ಲ. ಹೀಗೆ ಪದೇ ಪದೇ ತಪ್ಪುವ ಡೇರಿಯನ್ನು ಮುಚ್ಚಿ ಪಕ್ಕದೂರಿನ ಡೇರಿಗೆ ಸೇರಿಸಿಬಿಡುತ್ತೇವೆ ಎಂದು ಒಕ್ಕೂಟದ ಅಧಿಕಾರಿ ಬಂದು ಹೇಳಿದರು. ನಮ್ಮ ಡೇರಿ ಆ ಪಟ್ಟಿಯಲ್ಲಿ ಆಗಲೇ ಇತ್ತು.

ಪಕ್ಕದೂರು ಹಳಿಯ ಆಚೆ. ಮೇಲಿನ ಬೀದಿಯವರಿಗೆ ಮೊಪೆಡ್ಡು, ಬೈಕು ಇವೆ. ಕಾಲೋನಿಯ ಹೆಂಗಸರು ಕ್ಯಾನು ಹೊತ್ತು ನಡೆಯಬೇಕು. ಅವರಲ್ಲಿ ಒಬ್ಬಳು ನಮ್ಮ ಡೇರಿಯ ನಿರ್ದೇಶಕಿಯೂ ಹೌದು. ನನಗಿಂತ ಸ್ವಲ್ಪ ದೊಡ್ಡವಳು, ಅಕ್ಕ ಎನ್ನುತ್ತೇನೆ. ಅಕ್ಕನಿಗೆ ಒಂದೇ ಸೀಮೆ ಹಸು. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ಹಾಲು ಹಾಕಿ, ಕ್ಯಾನನ್ನು ಅಲ್ಲೇ ಬೋರ್‌ವೆಲ್ಲಿನಲ್ಲಿ ತೊಳೆದು, ಯಾರ ಕೈಯಲ್ಲಾದರೂ ಮನೆಗೆ ಕಳಿಸಿ, ನೇರ ರೈಲಿಗೆ ಓಡುತ್ತಾಳೆ. ಬೆಂಗಳೂರಿನಲ್ಲಿ ಗಾರೆ ಕೆಲಸ. ಆ ರೈಲು ತಪ್ಪಿದರೆ ಆ ದಿನದ ಕೂಲಿ ಇಲ್ಲ. ನಾಲ್ಕೈದು ದಿನ ತಪ್ಪಿದರೆ ಮೇಸ್ತ್ರಿ ಬೇರೆಯವರನ್ನು ಕರೆದುಕೊಳ್ಳುತ್ತಾನೆ. ಡೇರಿ ಹಳಿಯ ಆಚೆ ಹೋದರೆ ಅಕ್ಕ ಹಸುವನ್ನಾದರೂ ಬಿಡಬೇಕು, ಕೂಲಿಯನ್ನಾದರೂ ಬಿಡಬೇಕು.

ಮೀಸಲಾತಿಯಲ್ಲಿ ಗೆದ್ದ ನಿರ್ದೇಶಕಿಯಾದ್ದರಿಂದ ನಮ್ಮ ಸಮಿತಿ ಅವಳಿಗೆ ಎಲ್ಲ ಗೌರವವನ್ನೂ ಕೊಡುತ್ತಿತ್ತು. ಸಭೆಯನ್ನು ಅವಳು ಬೆಂಗಳೂರಿನಲ್ಲಿ ಇಟ್ಟಿಗೆ ಹೊರುವ ಹೊತ್ತಿಗೆ ಇಡುವುದು, ಸಂಜೆ ಅವಳ ಮನೆಗೆ ಪುಸ್ತಕ ಕಳಿಸಿ ಸಹಿ ತರಿಸುವುದು. ಇಷ್ಟು ಅನುಕೂಲ ಬೇರೆ ಯಾವ ನಿರ್ದೇಶಕರಿಗೂ ಇರಲಿಲ್ಲ.

ಅಧಿಕಾರಿ ಪರಿಹಾರವನ್ನೂ ಹೇಳಿ ಹೋಗಿದ್ದರು. ಸಿಮ್ ಹಾಕುವ ರೂಟರ್ ಎಂದು ಒಂದು ಪೆಟ್ಟಿಗೆ ಬರುತ್ತದೆ, ಕೇಬಲ್ಲು ಕೈಕೊಟ್ಟ ಕೂಡಲೇ ಅದು ತಾನಾಗಿಯೇ ಮೊಬೈಲ್ ಟವರಿನಿಂದ ನೆಟ್ ತೆಗೆದುಕೊಳ್ಳುತ್ತದೆ, ಅದನ್ನು ಕೊಳ್ಳಿ ಎಂದು. ನಾನು ಒಂದು ವಾರ ಫೋನಿನಲ್ಲಿ ಅದರ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಎರಡು ಸಿಮ್ ಹಾಕುವಂತಿರಬೇಕು, ಎರಡೂ ಬೇರೆ ಬೇರೆ ಕಂಪನಿಯವಿರಬೇಕು. ಕೇಬಲ್ಲು ಹೋದಾಗ ಯಾರೂ ಗುಂಡಿ ಒತ್ತದೆ ಸಿಮ್ಮಿಗೆ ಬದಲಾಗಬೇಕು, ಕೇಬಲ್ಲು ಬಂದಾಗ ಹಾಗೆಯೇ ವಾಪಸ್ ಹೋಗಬೇಕು. ಕರೆಂಟು ಹೋದಾಗ ಯುಪಿಎಸ್ ಮೇಲೆ ಓಡಬೇಕು. ಎಲ್ಲಕ್ಕಿಂತ ಮುಖ್ಯ, ನಮ್ಮದು ತಗ್ಗಿನ ಕಟ್ಟಡ, ಆಂಟೆನಾ ಬಿಚ್ಚಿ ಉದ್ದದ ವಯರಿನಲ್ಲಿ ಹೊರಗೆ, ಮಾಡಿನ ಮೇಲೆ ಏರಿಸುವ ಅನುಕೂಲ ಇರಬೇಕು. ಇದನ್ನೆಲ್ಲ ಸಭೆಯಲ್ಲಿ ಹೇಳಿದೆ. ಒಬ್ಬರು ಆಕಳಿಸಿದರು, ಇನ್ನೊಬ್ಬರು ಬೂಸಾ ಯಾವಾಗ ಬರುತ್ತದೆ ಎಂದು ಕೇಳಿದರು.

ಅಧ್ಯಕ್ಷರು ಮಾತ್ರ ಗಮನವಿಟ್ಟು ಕೇಳಿದಂತೆ ಕಂಡರು. ಮೇಲಿನ ಬೀದಿಯ ತುದಿಯಲ್ಲಿ ಅವರ ಮನೆ, ಊರಿಗೇ ಎತ್ತರದ ಜಗಲಿ. ಊರಿನಲ್ಲಿ ಯಾವ ಹೊಸ ವಸ್ತು ಬಂದರೂ ಮೊದಲು ಆ ಜಗಲಿ ಹತ್ತಿ ಆಮೇಲೆ ಇಳಿಯುತ್ತದೆ, ಕೆಲವು ಇಳಿಯುವುದೂ ಇಲ್ಲ. ಎಲ್ಲ ಕೇಳಿಸಿಕೊಂಡು ಅವರು, ವಸ್ತು ಆರಿಸುವುದಕ್ಕೆ ಕೈಗುಣ ಇರುವವರು ಬೇಕು ಎಂದು ಹೇಳಿ ನನ್ನ ಜೊತೆಗೆ ದಲ್ಲಾಳಿ ಮಾವನನ್ನು ಕಳಿಸಿದರು.

ದಲ್ಲಾಳಿ ಮಾವ ನನಗೆ ಮಾವನಲ್ಲ, ಊರಿಗೆಲ್ಲ ಮಾವ. ಹಸು ವ್ಯಾಪಾರದಲ್ಲಿ ಮುಳಬಾಗಿಲಿನಿಂದ ಕುಪ್ಪಂವರೆಗೆ ಅವನ ಮಾತು ನಡೆಯುತ್ತದೆ. ಬಾಲ ಎತ್ತಿ, ಹಲ್ಲು ಎಣಿಸಿ, ಕೆಚ್ಚಲು ಹಿಸುಕಿ ಹಸುವಿನ ಜಾತಕ ಹೇಳುತ್ತಾನೆ. ಡೇರಿಯ ನಿರ್ದೇಶಕ ಬೇರೆ. ನಾವಿಬ್ಬರೂ ಬೈಕಿನಲ್ಲಿ ಆಂಡರ್ಸನ್‌ಪೇಟೆಗೆ ಹೋದೆವು. ದಾರಿಯುದ್ದಕ್ಕೂ ನಾನು ಎರಡು ಸಿಮ್, ಹೊರಗಿನ ಆಂಟೆನಾ ಎಂದು ಹೇಳುತ್ತಲೇ ಇದ್ದೆ. ಅವನು ಹ್ಞೂ ಅನ್ನುತ್ತಾ ರಸ್ತೆ ಬದಿ ಮೇಯುತ್ತಿದ್ದ ಹಸುಗಳಿಗೆ ಬೆಲೆ ಕಟ್ಟುತ್ತಿದ್ದ.

ಅಂಗಡಿಯವರು ಎರಡು ರೂಟರ್ ತೆಗೆದು ಮುಂದಿಟ್ಟರು. ಒಂದಕ್ಕೆ ಎರಡು ಕಡ್ಡಿ, ಇನ್ನೊಂದಕ್ಕೆ ನಾಲ್ಕು. ನಮ್ಮ ಕನ್ನಡ, ತಮ್ಮ ತಮಿಳು ಸೇರಿಸಿ, ಕೇಬಲ್ ಪೋಚ್ಚು ಅಂದರೆ ಇದು ತಾನೇ ಸಿಮ್ ಹಿಡ್ಕೊಳ್ಳುತ್ತೆ ಸಾರ್, ನೀವು ಮುಟ್ಟೋದೇ ಬೇಡ ಎಂದು ವಿವರಿಸಿದರು. ಮಾವ ಅಷ್ಟರಲ್ಲೇ ಮುಟ್ಟಿದ್ದ. ನಾಲ್ಕು ಕಡ್ಡಿಯದನ್ನು ಮಗುಚಿ ಹಾಕಿ, ಹೊಟ್ಟೆಯ ಮೇಲೆ ಅಂಗೈ ಇಟ್ಟು ಕಾವು ನೋಡಿ, ಕಡ್ಡಿಗಳನ್ನು ಒಂದೊಂದಾಗಿ ಹಿಂದಕ್ಕೆ ಮುಂದಕ್ಕೆ ಬಾಗಿಸಿದ. ಆಮೇಲೆ ಹೆಗಲ ಮೇಲಿನ ಟವೆಲ್ಲನ್ನು ಅಂಗಡಿಯವರ ಕೈ ಮೇಲೆ ಹಾಸಿ, ಅದರಡಿಯಲ್ಲಿ ಅವರ ಬೆರಳು ಹಿಡಿದ. ಸಂತೆಯಲ್ಲಿ ದಲ್ಲಾಳಿಗಳು ಹೀಗೆ ಬೆರಳಿನಲ್ಲೇ ಬೆಲೆ ಮಾತಾಡುತ್ತಾರೆ, ಸುತ್ತ ನಿಂತವರಿಗೆ ಗೊತ್ತಾಗಬಾರದು ಎಂದು. ಅಂಗಡಿಯವರಿಗೆ ಇದು ಗೊತ್ತಿರಲಿಲ್ಲ. ಗಾಬರಿಯಾಗಿ ಕೈ ಎಳೆದುಕೊಂಡು, ಬೆಲೆ ಡಬ್ಬಿಯ ಮೇಲೆಯೇ ಅಚ್ಚಾಗಿದೆ ಎಂದರು. ಬೆಲೆಯನ್ನು ಮೈಮೇಲೆ ಬರೆದುಕೊಂಡು ನಿಂತ ಸರಕನ್ನು ಮಾವ ಜೀವನದಲ್ಲಿ ನಂಬಿದವನಲ್ಲ.

"ನೋಡಪ್ಪಾ, ಮೂರು ಒತ್ತು ಕರೆದು ನೋಡ್ದೆ ನಾನು ಯಾವ್ದೂ ಒಡ್ಕಂಡು ಓಗಾಕಿಲ್ಲ. ಇದ್ನೂ ಅಂಗೇಯಾ" ಎಂದ.

ನಮ್ಮ ಕಡೆ ಹಸು ಕೊಳ್ಳುವ ಪದ್ಧತಿ ಅದು. ಸಂಜೆ, ಬೆಳಗ್ಗೆ, ಮತ್ತೆ ಸಂಜೆ ಕರೆದು ನೋಡಿ, ಹೇಳಿದಷ್ಟು ಕೊಟ್ಟರೆ ಮಾತ್ರ ಹಗ್ಗ ಕೈಗೆ. ಪಾಲಿನಲ್ಲಿ ಕೊಳ್ಳುವ ಹಸುವಾದರೆ ಪಾಲುದಾರರ ಕೊಟ್ಟಿಗೆಯಲ್ಲೆಲ್ಲ ಕಟ್ಟಿ ಕರೆದು ನೋಡಬೇಕು. ಡೇರಿಯ ರೂಟರು ಪಾಲಿನ ಹಸುವೇ ತಾನೇ. ಅಂಗಡಿಯವರು ಅಧ್ಯಕ್ಷರಿಗೆ ಫೋನು ಮಾಡಿ, ಅಧ್ಯಕ್ಷರು ಇನ್ನಾರಿಗೋ ಮಾಡಿಸಿ, ಕೊನೆಗೆ ನಾಲ್ಕು ಕಡ್ಡಿಯ ರೂಟರು ಪರೀಕ್ಷೆಗೆಂದು ನಮ್ಮ ಜೊತೆ ಹೊರಟಿತು. ಅದರಲ್ಲಿ ಹೊರಗಿನ ಆಂಟೆನಾಕ್ಕೆ ಜಾಗ ಇದೆಯೇ ಎಂದು ನಾನು ಅವಸರದಲ್ಲಿ ನೋಡಿದೆ. ಇತ್ತು. ಪುಣ್ಯಕ್ಕೆ ಮಾವನಿಗೆ ನಾಲ್ಕು ಕೋಡು ಇಷ್ಟವಾಗಿದ್ದವು, ಇಲ್ಲದಿದ್ದರೆ ಇನ್ನೊಂದು ಬರುತ್ತಿತ್ತು.

ರೂಟರು ನಿರ್ದೇಶಕರ ಮನೆಗಳಲ್ಲಿ ತಿರುಗಲು ಶುರುವಾಯಿತು. ಮೊದಲು ಅಧ್ಯಕ್ಷರ ಮನೆ. ಮೂರು ಹೊತ್ತು ಎಂದದ್ದು ಅಲ್ಲಿ ಎರಡು ವಾರ ನಿಂತಿತು. ನಾನು ದಿನಾ ಹೋಗಿ ಕೇಳುತ್ತಿದ್ದೆ, ಹೇಗಿದೆ ಎಂದು. ಚೆನ್ನಾಗಿ ಕೊಡುತ್ತಿದೆ, ಚಿತ್ರ ಎಲ್ಲೂ ನಿಲ್ಲದೆ ಓಡುತ್ತದೆ ಎನ್ನುತ್ತಿದ್ದರು. ಅವರ ಮನೆಯಲ್ಲಿ ಧಾರಾವಾಹಿ, ಕ್ರಿಕೆಟ್ಟು, ಮದುವೆ ವಿಡಿಯೋ ಎಲ್ಲ ನಮ್ಮ ಡೇರಿಯ ಸಿಮ್ಮಿನಲ್ಲಿ ಪರೀಕ್ಷೆಯಾದವು. ಮಧ್ಯಾಹ್ನದ ಹೊತ್ತಿಗೆ ಆ ದಿನದ ಡೇಟಾ ಬತ್ತುತ್ತಿತ್ತು. ಸಂಜೆ ಕಡಿಮೆ ಕೊಡುತ್ತದೆ ಎಂದು ಅವರ ಸೊಸೆ ದೂರು ಹೇಳಿದಾಗ ದಲ್ಲಾಳಿ ಮಾವ, ಜಾಗ ಹೊಸದು, ಒಗ್ಗಬೇಕು ಎಂದ. ಆಮೇಲೆ ಮಾವನ ಮನೆ, ಆಮೇಲೆ ಉಳಿದವರ ಮನೆ. ಹಾಲು ಅಳೆಯುವ ಯಂತ್ರಕ್ಕೆ ಅದನ್ನು ಒಂದು ಸಲವೂ ಯಾರೂ ಜೋಡಿಸಲಿಲ್ಲ. ಅತ್ತ ಡೇರಿಯಲ್ಲಿ ಕೇಬಲ್ಲು ಹರಿದು ನಾನು ಕ್ಯಾನುಗಳ ನಡುವೆ ಕಂಪ್ಯೂಟರನ್ನು ಬೈಯುತ್ತಾ ಕೂತಿರುತ್ತಿದ್ದೆ, ಇತ್ತ ಅದನ್ನು ಉಳಿಸಬೇಕಾದ ಪೆಟ್ಟಿಗೆ ಯಾರದೋ ಮನೆಯಲ್ಲಿ ಹಾಡು ಕೇಳಿಸುತ್ತಿತ್ತು. ಕಾಲೋನಿಗೆ ಅದು ಹೋಗಲೇ ಇಲ್ಲ. ಅಲ್ಲಿ ಸಿಗ್ನಲ್ ಬರುವುದಿಲ್ಲ ಎಂದರು. ಹಾಗೆ ಅಂದವರಲ್ಲಿ ಕಾಲೋನಿಯೊಳಗೆ ಕಾಲಿಟ್ಟವರು ಒಬ್ಬರೂ ಇರಲಿಲ್ಲ.

ಕೊನೆಗೆ ಸಭೆ ಸೇರಿತು. ಅಧ್ಯಕ್ಷರ ಜಗಲಿಯಲ್ಲಿ ಕೊಟ್ಟಷ್ಟು ಬೇರೆಲ್ಲೂ ಕೊಡಲಿಲ್ಲ ಎಂದು ಎಲ್ಲರೂ ಒಪ್ಪಿದರು. ಹೊರಗಿನ ಆಂಟೆನಾ ಹಾಕಿದರೆ ಡೇರಿಯಲ್ಲೂ ಕೊಡುತ್ತದೆ ಎಂದು ನಾನು ಗಂಟಲು ಹರಿದುಕೊಂಡೆ. ದಲ್ಲಾಳಿ ಮಾವ ನನ್ನನ್ನು ಕನಿಕರದಿಂದ ನೋಡಿ, "ಎಲ್ಲಿ ಚೆಂದಾಗಿ ಕೊಡ್ತದೋ ಅಲ್ಲೇ ಕಟ್ಬೇಕು ಕಣ್ಲಾ. ಅಸೂನ ಎಳ್ಕಂಡೋಗಿ ತಗ್ಗಲ್ಲಿ ಕಟ್ಟಿ, ಕೊಡು ಅಂದ್ರೆ ಕೊಟ್ಟಾತಾ?" ಎಂದ. ಅದೇ ಮಾತು ಪುಸ್ತಕದ ಭಾಷೆಗೆ ತಿರುಗಿ ಠರಾವಾಯಿತು: ರೂಟರು ಅತ್ಯುತ್ತಮವಾಗಿ ಕೆಲಸ ಮಾಡುವ ಸ್ಥಳದಲ್ಲೇ ಹಾಲು ಶೇಖರಣೆ ನಡೆಸತಕ್ಕದ್ದು. ಸಂಜೆ ಪುಸ್ತಕ ಕಾಲೋನಿಗೆ ಹೋಗಿ ಅಕ್ಕನ ಸಹಿ ಹೊತ್ತು ಬಂತು. ಮಾರನೆಯ ದಿನ ಯಂತ್ರ, ತಕ್ಕಡಿ, ಕ್ಯಾನು, ನಾನು, ಎಲ್ಲರೂ ಅಧ್ಯಕ್ಷರ ಜಗಲಿ ಹತ್ತಿದೆವು. ಪಶುವಿಗಾಗಿ ಮನೆ ಬದಲಿಸಿದವರನ್ನು ಕಂಡಿದ್ದೆ, ಪೆಟ್ಟಿಗೆಗಾಗಿ ಡೇರಿ ಬದಲಿಸಿದ್ದು ನಮ್ಮೂರೇ ಮೊದಲಿರಬೇಕು.

ಕೇಬಲ್ಲು ಹಳೆಯ ಕಟ್ಟಡದಲ್ಲೇ ಉಳಿಯಿತು. ಅದನ್ನು ಜಗಲಿಗೆ ಎಳೆಯುವ ಯೋಚನೆ ಯಾರಿಗೂ ಬರಲಿಲ್ಲ. ಕೇಬಲ್ಲು ಹೋದಾಗ ನೆರವಿಗೆ ಬರಲೆಂದು ತಂದ ರೂಟರಿಗೆ ಈಗ ಕೇಬಲ್ಲೇ ಇಲ್ಲ, ಅದೇ ಮೊದಲನೆಯದೂ ಅದೇ ಕೊನೆಯದೂ ಆಯಿತು. ನಾವು ಜಾಗ ಬದಲಿಸಿದ ಎರಡನೆಯ ದಿನ ಕೇಬಲ್ಲಿನವರು ಬಂದು ತಂತಿ ಸರಿಮಾಡಿ ಹೋದರು. ಬೀಗ ಹಾಕಿದ ಕಟ್ಟಡದೊಳಗೆ ಹಸಿರು ದೀಪ ಒಂದೇ ಸಮನೆ ಉರಿಯುತ್ತಿತ್ತು, ಕಿಟಕಿಯಿಂದ ನೋಡಿದೆ. ಅಲ್ಲಿ ನೆಟ್ಟಿತ್ತು, ಹಾಲಿರಲಿಲ್ಲ.

ಜಗಲಿಗೆ ಐದು ಮೆಟ್ಟಿಲು. ಕಾಲೋನಿಯವರು ಹತ್ತಬಾರದು ಎಂದು ಯಾರೂ ಹೇಳಲಿಲ್ಲ. ನಮ್ಮೂರಿನವರು ಈಗ ಅಂಥ ಮಾತು ಆಡುವುದಿಲ್ಲ, ಎಲ್ಲರೂ ಓದಿಕೊಂಡಿದ್ದಾರೆ. ಮೊದಲ ಬೆಳಗ್ಗೆ ಅಧ್ಯಕ್ಷರ ತಾಯಿ ಮೇಲಿನ ಮೆಟ್ಟಿಲಲ್ಲಿ ಕೂತು, ಪಾಪ ನೀವು ಯಾಕಮ್ಮಾ ಹತ್ತಿ ಇಳಿಯುವ ಕಷ್ಟ ಪಡುತ್ತೀರಿ, ಅಲ್ಲೇ ಅಂಗಳದಲ್ಲಿ ಇರಿ, ಇಲ್ಲಿಂದಲೇ ತೆಗೆದುಕೊಳ್ಳುತ್ತಾರೆ ಎಂದರು. ದನಿಯಲ್ಲಿ ಎಷ್ಟು ಮರುಕವಿತ್ತೆಂದರೆ ಸಿಟ್ಟು ಮಾಡಿಕೊಳ್ಳಲೂ ಆಗುವಂತಿರಲಿಲ್ಲ. ಅಂಗಳದಲ್ಲಿ ಒಂದು ಬೇರೆ ಬಕೆಟ್ಟು ಬಂತು. ಕಾಲೋನಿಯವರು ಅದಕ್ಕೆ ಸುರಿಯಬೇಕು, ಮನೆಯ ಆಳು ಅದನ್ನು ಮೇಲೆ ತಂದು ಯಂತ್ರಕ್ಕೆ ಸುರಿಯಬೇಕು. ಒಬ್ಬೊಬ್ಬರಿಗೂ ಅವನು ಹತ್ತಿ ಇಳಿಯಬೇಕಾದ್ದರಿಂದ, ಮೇಲಿನ ಬೀದಿಯವರದೆಲ್ಲ ಮುಗಿದ ಮೇಲೆ ಅವರ ಸರದಿ. ಸಾಲು ಎಂಬುದು ಹೋಗಿ ಎರಡು ಗುಂಪಾಯಿತು. ಅಂಗಳದಲ್ಲಿ ನಿಂತವರಿಗೆ ಯಂತ್ರದ ಮೇಲೆ ಮೂಡುವ ಫ್ಯಾಟಿನ ಅಂಕಿ ಕಾಣುತ್ತಿರಲಿಲ್ಲ.

ನನಗೆ ಮೈ ಉರಿಯುತ್ತಿತ್ತು. ಮೆಟ್ಟಿಲು ಇಳಿದು ನಾನೇ ಬಕೆಟ್ಟು ತರಲು ಹೋದೆ. ನೀನು ಇಳಿದರೆ ಯಂತ್ರ ನೋಡುವವರು ಯಾರು ಎಂದು ಅಧ್ಯಕ್ಷರು ಕೂರಿಸಿದರು. ಅಂಗಳದವರಿಗೆ ತಡವಾಗುತ್ತದೆ, ಮೊದಲು ಅವರದು ತೆಗೆಯೋಣ ಎಂದೆ. ಎಲ್ಲರಿಗೂ ಕೆಲಸ ಇರುತ್ತದಪ್ಪಾ ಎಂದರು. ಅವರ ಕೆಲಸ ಅಲ್ಲೇ ಕುರ್ಚಿಯ ಮೇಲೆ ಕೂತು ಕಾಫಿ ಕುಡಿಯುವುದು. ಒಕ್ಕೂಟದ ಕಂಪ್ಯೂಟರಿನಲ್ಲಿ ಮಾತ್ರ ನಮ್ಮ ಡೇರಿ ಹಸಿರು ಬಣ್ಣಕ್ಕೆ ತಿರುಗಿತು. ಒಂದು ಶಿಫ್ಟೂ ತಪ್ಪದೆ ಲೆಕ್ಕ ಹೋಗುತ್ತಿತ್ತು. ಅಂಗಳದ ಬಕೆಟ್ಟಿನ ಲೆಕ್ಕ ಕೇಳುವ ಜಾಗ ಆ ಕಂಪ್ಯೂಟರಿನಲ್ಲಿ ಇರಲಿಲ್ಲ.

ಅಕ್ಕನಿಗೆ ರೈಲು ತಪ್ಪಿತು. ಮಾರನೆಯ ದಿನ ಬೇಗ ಬಂದಳು, ಬೇಗ ಬಂದು ಅಂಗಳದಲ್ಲಿ ಹೆಚ್ಚು ಹೊತ್ತು ನಿಂತಳು ಅಷ್ಟೇ, ಮತ್ತೆ ತಪ್ಪಿತು. ಮೂರನೆಯ ಸಲ ತಪ್ಪಿದ ದಿನ ಮೇಸ್ತ್ರಿ ಫೋನು ಮಾಡಿದ್ದನಂತೆ, ಇನ್ನೊಂದೆರಡು ದಿನ ನೋಡುತ್ತೇನೆ ಎಂದು. ಅವಳು ಜಗಲಿಯ ಗೋಡೆಯ ಪಕ್ಕ ನನಗೆ ಮಾತ್ರ ಕೇಳುವಂತೆ, ಹಸು ಮಾರುವುದಾದರೆ ದಲ್ಲಾಳಿ ಮಾವ ಎಷ್ಟಕ್ಕೆ ಕೊಡಿಸಿಯಾನು ಎಂದು ವಿಚಾರಿಸಿದಳು. ಆ ಹಸು ಕರು ಹಾಕಿ ಎರಡು ತಿಂಗಳಾಗಿತ್ತು, ಹಾಲು ತುಂಬಿ ಕೊಡುವ ಹೊತ್ತು. ಯಾರಾದರೂ ಅಂಥ ಹಸು ಮಾರುತ್ತಾರಾ? ನಾಳೆ ಅಧಿಕಾರಿ ಬರುತ್ತಾರೆ, ಸಭೆ ಇದೆ, ರೈಲು ಹೇಗೂ ತಪ್ಪಿದರೆ ನೀನೂ ಕೂತುಕೋ ಎಂದಷ್ಟೇ ಹೇಳಿದೆ.

ಅಧಿಕಾರಿ ಬಂದರು. ಹಸಿರು ಬಣ್ಣ ನೋಡಿ ಅವರಿಗೆ ಬಹಳ ಸಂತೋಷವಾಗಿತ್ತು. ಬೇರೆ ಡೇರಿಗಳಿಗೆ ನಿಮ್ಮದನ್ನೇ ಮಾದರಿ ಎಂದು ತೋರಿಸುತ್ತೇನೆ, ರೂಟರನ್ನು ಹೇಗೆ ಆರಿಸಿದಿರಿ ಎಂದು ಕೇಳಿದರು. ದಲ್ಲಾಳಿ ಮಾವ ಎದ್ದು ನಿಂತು, ಎಲ್ಲ ಡೈರೆಕ್ಟ್ರ ಮನೆಯಲ್ಲೂ ಮೂರು ಹೊತ್ತು ಕರೆದು ನೋಡಿದ ಕಥೆಯನ್ನು ವರ್ಣಿಸಿದ. ಅಕ್ಕ ಅಂಗಳದಲ್ಲಿ ನಿಂತು ಕೇಳುತ್ತಿದ್ದಳು. ಅವಳು ಸಭೆಗೆ ಬಂದದ್ದು ಅದೇ ಮೊದಲ ಸಲ, ಕುರ್ಚಿ ಯಾರೂ ಹಾಕಿರಲಿಲ್ಲ.

"ನಮ್ಮನೇಲಿ ಕರೀಲಿಲ್ವಲ್ಲ ಮಾವಾ. ನಾನೂ ಡೈರೆಕ್ಟ್ರೇ" ಎಂದಳು.

ಅಧ್ಯಕ್ಷರು, ಅಲ್ಲಿ ಸಿಗ್ನಲ್ ಬರುವುದಿಲ್ಲಮ್ಮಾ ಎಂದರು. ಆದರೆ ಮಾವನ ಮುಖ ಕೆಂಪಾಗಿತ್ತು. ಊರಿನ ಕಟ್ಟುಪಾಡಿನ ಬಗ್ಗೆ ಅವನಿಗೆ ಏನೇ ಇರಲಿ, ವ್ಯಾಪಾರದ ಕಟ್ಟುಪಾಡು ಬೇರೆ. ಪಾಲುದಾರರಲ್ಲಿ ಒಬ್ಬರ ಕೊಟ್ಟಿಗೆ ಬಿಟ್ಟು ವ್ಯಾಪಾರ ಮುಗಿಸಿದ ದಲ್ಲಾಳಿ ಎಂದು ಅಧಿಕಾರಿಯ ಮುಂದೆ ಅನ್ನಿಸಿಕೊಳ್ಳುವುದು ಅವನಿಂದ ಆಗದ ಮಾತು. ಅವಳ ಪಾಲು ಬಾಕಿ ಇದೆ, ಒಂದು ಹೊತ್ತಾದರೂ ಕಟ್ಟಲೇಬೇಕು ಎಂದ. ಬರೀ ರೂಟರು ಒಯ್ದರೆ ಏನು ಗೊತ್ತಾಗುತ್ತದೆ, ಕರೆಯಬೇಕಾದರೆ ಚೆಂಬೂ ಬೇಕಲ್ಲ, ಯಂತ್ರವನ್ನೂ ಕಳಿಸಿ ಎಂದು ಅಕ್ಕ ಕೇಳಿದಳು. ಅಧಿಕಾರಿ ನಕ್ಕು, ಮಾಡಿ ಮಾಡಿ, ಒಳ್ಳೆಯ ಪ್ರಯೋಗ ಎಂದರು. ಹೇಗೂ ಸಿಗ್ನಲ್ ಬರುವುದಿಲ್ಲವಲ್ಲ ಎಂಬ ಧೈರ್ಯದಲ್ಲಿ ಅಧ್ಯಕ್ಷರೂ ತಲೆಯಾಡಿಸಿದರು.

ಆ ಸಂಜೆ ಕಾಲೋನಿಯ ಸಮುದಾಯ ಭವನದ ಮುಂದೆ ಯಂತ್ರ ಇಟ್ಟೆವು. ಕಾಲೋನಿ ಊರಿಗೆ ಹೊರಗಿದೆ, ಊರೇ ಅದನ್ನು ಹೊರಗಿಟ್ಟಿದೆ. ಸುತ್ತ ಬಯಲು, ಎದುರಿಗೆ ರೈಲು ಹಳಿ, ಹಳಿಯ ಪಕ್ಕದಲ್ಲಿ ಟವರು. ಅಡ್ಡ ಬರಲು ಏನೂ ಇಲ್ಲ. ರೂಟರಿನ ದೀಪಗಳೆಲ್ಲ ಒಮ್ಮೆಗೇ ಹತ್ತಿಕೊಂಡವು. ಜಗಲಿಯಲ್ಲಿ ಅದು ಯಾವತ್ತೂ ಅಷ್ಟು ಕೊಟ್ಟಿರಲಿಲ್ಲ. ಮಾವ ಬಗ್ಗಿ ನೋಡಿದ, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ, ಬೀಡಿ ಹಚ್ಚಿದ. ಕಾಲೋನಿಯವರು ಸಾಲಾಗಿ ಬಂದು ಹಾಲು ಹಾಕಿದರು, ಬಗ್ಗಿ ಬಗ್ಗಿ ತಮ್ಮ ಫ್ಯಾಟು ತಾವೇ ಓದಿಕೊಂಡರು. ಸ್ವಲ್ಪ ಹೊತ್ತಿನಲ್ಲೇ ಅವರದೆಲ್ಲ ಮುಗಿಯಿತು. ಆಮೇಲೆ ಮೇಲಿನ ಬೀದಿಯವರಿಗಾಗಿ ಕಾದೆ.

ಒಬ್ಬರೂ ಬರಲಿಲ್ಲ. ಅಷ್ಟೂ ಮನೆಗಳಲ್ಲಿ ಹಸುಗಳಿವೆ, ಹಸುಗಳು ಆ ಸಂಜೆಯೂ ಕೊಟ್ಟಿದ್ದವು. ಠರಾವಿನ ಪ್ರಕಾರ ರೂಟರು ಚೆನ್ನಾಗಿ ಕೊಡುವಲ್ಲಿಗೆ ಅವರು ಬರಬೇಕಿತ್ತು, ಠರಾವು ಅವರದೇ. ಬದಲಿಗೆ ಮೇಲಿನ ಬೀದಿಯ ಪ್ರತಿ ಮನೆಯಲ್ಲೂ ಹಾಲಿಗೆ ಹೆಪ್ಪು ಬಿತ್ತು. ಚರಿಗೆ, ಕೊಳಗ, ಬಕೆಟ್ಟು, ಯಾವುದು ಸಿಕ್ಕಿತೋ ಅದರಲ್ಲೆಲ್ಲ ಮೊಸರು. ಒಂದು ವಾರ ಆ ಬೀದಿಯಲ್ಲಿ ಮೂರು ಹೊತ್ತೂ ಮಜ್ಜಿಗೆಯೇ ಊಟವಾಯಿತು. ಒಂದು ಲೋಟ ಹಾಲಿಗೆ ಫ್ಯಾಟು ಕಡಿಮೆ ಬಂತೆಂದು ನನ್ನ ವಂಶವನ್ನೇ ಜಾಲಾಡುವ ಜನ, ಕ್ಯಾನುಗಟ್ಟಲೆ ಹಾಲನ್ನು ಮುಖದ ಮೇಲೆ ಒಂದು ಗೆರೆಯೂ ಬದಲಾಗದೆ ಬಿಟ್ಟುಕೊಟ್ಟರು.

ಯಂತ್ರ ಎತ್ತುವ ಮೊದಲೇ ಅಧಿಕಾರಿಯ ಫೋನು ಬಂತು. ಸಿಗ್ನಲ್ ಪೂರ್ತಿ ತೋರಿಸುತ್ತಿದೆ, ಹಾಲೆಲ್ಲಿ ಎಂದು ಕೇಳಿದರು. ನೆಟ್ ಇಲ್ಲ ಸಾರ್ ಎನ್ನುವುದು ನನಗೆ ಬಾಯಿಪಾಠವಾದ ಉತ್ತರ, ಅದು ಈಗ ನಡೆಯುವಂತಿರಲಿಲ್ಲ. ಜನ ಬರಲಿಲ್ಲ ಸಾರ್ ಎಂದೆ. ಯಾಕೆ ಎಂದರು. ಇದು ಕಾಲೋನಿ ಸಾರ್ ಎಂದೆ. ಅವರು, ನಾಳೆಯಿಂದಲೇ ಹಳೇ ಕಟ್ಟಡಕ್ಕೆ ವಾಪಸ್ ಹೋಗಿ, ಅದೇನೋ ಹೊರಗಿನ ಆಂಟೆನಾ ಇದೆಯಂತಲ್ಲ, ಹಾಕಿ ಎಂದರು. ಜಾಗ ಬದಲಿಸಿದ್ದಕ್ಕೆ ಕಾರಣ ಏನು ಬರೆಯಲಿ ಎಂದು ಕೇಳಿದೆ. ತಾಂತ್ರಿಕ ಕಾರಣ ಎಂದು ಬರೆಯಿರಿ ಎಂದು ಫೋನು ಇಟ್ಟರು.

ಮಾರನೆಯ ಬೆಳಗ್ಗೆ ಹಳೆಯ ಕಟ್ಟಡದ ಬೀಗ ತೆಗೆದೆ. ಕೇಬಲ್ಲನ್ನು ರೂಟರಿಗೆ ಸಿಕ್ಕಿಸಿ, ಮಾಡಿನ ಮೇಲೆ ಬಿದಿರು ಗಳಕ್ಕೆ ಆಂಟೆನಾ ಕಟ್ಟಿ, ಪರೀಕ್ಷೆಗೆಂದು ಕೇಬಲ್ಲನ್ನು ಕಿತ್ತು ನೋಡಿದೆ. ಯಂತ್ರದ ಮೇಲಿನ ಅಂಕಿ ಒಂದು ಗಳಿಗೆ ತಡೆದು ಮತ್ತೆ ಓಡಿತು. ಇಷ್ಟು ತಿಂಗಳಲ್ಲಿ ಆ ರೂಟರು ತಾನು ಮಾಡಬೇಕಾದ ಕೆಲಸ ಮಾಡಿದ್ದು ಅದೇ ಮೊದಲು. ಅಕ್ಕ ಎಲ್ಲರಿಗಿಂತ ಮುಂಚೆ ಬಂದು ಹಾಲು ಹಾಕಿ ಚೀಟಿ ತೆಗೆದುಕೊಂಡಳು. ಅವಳ ಹಿಂದೆ ಮೇಲಿನ ಬೀದಿಯ ಕ್ಯಾನುಗಳು ಬಂದವು, ಏನೂ ಆಗಿಲ್ಲವೆಂಬಂತೆ.

ಅಧ್ಯಕ್ಷರೂ ಬಂದರು. ಸಾಲಿನವರಿಗೆಲ್ಲ ಕೇಳುವಂತೆ, ದೊಡ್ಡ ಮನಸ್ಸು ಮಾಡಿ ಹೇಳಿದರು, ಕಾಲೋನಿಗೂ ಒಂದು ಅವಕಾಶ ಕೊಟ್ಟು ನೋಡಿದೆವು, ಏನು ಮಾಡುವುದು, ಅಲ್ಲಿ ಸಿಗ್ನಲ್ ಬರಲಿಲ್ಲ ಎಂದು. ದಲ್ಲಾಳಿ ಮಾವ ತನ್ನ ಚಪ್ಪಲಿ ನೋಡಿಕೊಂಡ. ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಬೋರ್‌ವೆಲ್ಲಿನ ಹತ್ತಿರದಿಂದ ತಿರುಗಿದಳು. ಕೈಯಲ್ಲಿ ಅರ್ಧ ತೊಳೆದ ಕ್ಯಾನಿತ್ತು, ದನಿ ಏರಿರಲಿಲ್ಲ.

"ಸಿಗ್ನಲ್ಲು ಬಂತು ಯಜಮಾನ್ರೇ. ನೀವು ಬರ್ಲಿಲ್ಲ."

ಅಧ್ಯಕ್ಷರ ಕ್ಯಾನು ಸಾಲಿನಲ್ಲಿ ಅವರ ಕಾಲ ಬಳಿಯೇ ಇತ್ತು. ಅಕ್ಕ ಕ್ಯಾನು ತೊಳೆದು ಮುಗಿಸಿ, ಪಕ್ಕದ ಮನೆಯವಳ ಕೈಗೆ ಕೊಟ್ಟು, ರೈಲಿಗೆ ಹೊತ್ತಾಯಿತೆಂದು ಹೊರಟಳು.